ಒಂಬತ್ತಡಿ ದೂರ

ಕಣ್ಣಿನ ಡಾಕ್ಟರು ಚೀಟಿಯಲ್ಲಿ ಮಾತ್ರೆ ಬರೆಯಲಿಲ್ಲ.
ಅರ್ಧ ಗಂಟೆಗೊಮ್ಮೆ ಸೂಜಿ ಬಿಟ್ಟು
ದೂರ ನೋಡಿ, ಅಂದರು.
ದೂರ!
ಮಡಿಕೇರಿಯಲ್ಲಿ ದೂರಕ್ಕೇನು ಬರ,
ರಾಜಾಸೀಟಿನಲ್ಲಿ ಟಿಕೆಟಿಗೆ ಸಿಗುತ್ತದೆ.
ನನ್ನ ಹೊಲಿಗೆ ಕೋಣೆಯ ಕಿಟಕಿಯಿಂದ
ಹಿಂದಿನ ಗೋಡೆಗೆ ಟೇಪು ಹಿಡಿದೆ:
ನೂರೆಂಟು ಇಂಚು.
ಜಪಕ್ಕೆ ಸಾಕು, ಕಣ್ಣಿಗೆ ಸಾಲದು.

ಅಷ್ಟಕ್ಕೂ ಓನರ್ ಉತ್ತಯ್ಯನವರು ಸಿಮೆಂಟು ಬಳಿಸಿದ್ದಾರೆ,
ಹಾವು ಬರುತ್ತದೆಂದು ಮಣ್ಣನ್ನೇ ಮುಚ್ಚಿದವರು.
"ಗುಂಡಿ ಗಿಂಡಿ ತೋಡೀರಿ ಮತ್ತೆ!"
ಬಾಡಿಗೆ ರಸೀತಿಯ ಜೊತೆಗೇ ಎಚ್ಚರಿಕೆ.
ಇಲ್ಲ ಸಾರ್, ನನಗೆ ಗೊತ್ತಿರುವುದು
ಹೊಲಿಯುವ ಗುಂಡಿ ಮಾತ್ರ.

ಚಾಕ್ ಹಿಡಿದು ನೆಲಕ್ಕೆ ಗೆರೆ ಹಾಕಿದೆ,
ರವಿಕೆ ಬಟ್ಟೆಗೆ ಹಾಕಿದಂತೆ.
ಇಲ್ಲೊಂದು ಮಡಿಕೆ, ಬಟ್ಟೆಯದಲ್ಲ, ಮಣ್ಣಿನದು.
ಪಕ್ಕದ ಮನೆಯ ಚೋಂದಮ್ಮ, ಜಿಲ್ಲಾಸ್ಪತ್ರೆಯಲ್ಲಿ
ಮೂವತ್ತು ವರ್ಷ ಸೂಜಿ ಹಿಡಿದವರು (ಅವರದು ಬೇರೆ ಸೂಜಿ),
ಗೋಡೆಯ ಮೇಲಿಂದ ಕತ್ತು ಚಾಚಿ ಕೇಳಿದರು:
"ಮೊದಲು ಹೇಳು, ನೀನು ಎಲ್ಲಿ ಕೂತು ನೋಡುತ್ತಿ?
ಕೂತ ಜಾಗದಿಂದ ಹೊರಡಬೇಕು ತೋಟ,
ಗೇಟಿನಿಂದಲ್ಲ."

ನನ್ನ ಮೊದಲ ತಪ್ಪು ಒಂದು ಹಂಸ.
ಕುಶಾಲನಗರದ ರಸ್ತೆಬದಿಯಲ್ಲಿ ಕೊಂಡ ಸಿಮೆಂಟಿನದು,
ಬೆನ್ನಲ್ಲಿ ಮಣ್ಣು, ಮಣ್ಣಲ್ಲಿ ಪೆಟೂನಿಯಾ.
ಕಿಟಕಿ ತೆರೆದರೆ ಹಂಸ. ಸೂಜಿ ಬಿಟ್ಟರೆ ಹಂಸ.
ಚೆಕ್‌ಪೋಸ್ಟಿನ ಹಾಗೆ ಕಣ್ಣನ್ನು ತಡೆದು
ಕಾಗದ ಕೇಳುತ್ತಿತ್ತು, ಬಿಡುತ್ತಿರಲಿಲ್ಲ.
ಮಂಜು ಇಳಿದ ದಿನ ಬಿಳಿಯಲ್ಲಿ ಬಿಳಿಯಾಗಿ
ಅದೂ ಇಲ್ಲ, ತೋಟವೂ ಇಲ್ಲ.
ಕಣ್ಣು ನಿಲ್ಲಬೇಕು, ನಿಂತು ಮುಂದೆ ಹೋಗಬೇಕು:
ಇದನ್ನು ಹಂಸದಿಂದ ಕಲಿತು
ಹಂಸವನ್ನು ಉತ್ತಯ್ಯನವರಿಗೆ ಕೊಟ್ಟೆ.
ಖುಷಿಪಟ್ಟರು.

ಗುಜರಿ ಮೊಯ್ದು ಕಾಕನ ಅಂಗಡಿಯಲ್ಲಿ ಹಂಡೆ ಕಂಡದ್ದು ಆಮೇಲೆ.
ಅಲ್ಯುಮಿನಿಯಂ. ಯಾರದೋ ಬಚ್ಚಲೊಲೆಯ ಮಸಿ ಮೈತುಂಬ,
ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು.
"ತೂತು ಉಂಟು, ಐವತ್ತು ಕಮ್ಮಿ ಕೊಡಿ" ಅಂದರು.
ತುಟಿ ಬಿಗಿಹಿಡಿದು ಐವತ್ತು ಕಮ್ಮಿ ಕೊಟ್ಟೆ.
ತೂತು ಮಡಕೆ ಅಂತಲೇ ನನ್ನನ್ನು ಬೀದಿ ಕರೆಯುವುದು,
ಗಿರಾಕಿಗಳ ಅಳತೆ ಬಿಟ್ಟರೆ ಮತ್ತೇನೂ
ನನ್ನೊಳಗೆ ನಿಲ್ಲುವುದಿಲ್ಲ.
ಮರುದಿನ ಹೋಗಿ ಹೇಳಿಯೇಬಿಟ್ಟೆ:
ನನಗೆ ಬೇಕಾಗಿದ್ದದ್ದೇ ತೂತು, ಕಾಕ,
ಬೇರು ಕೊಳೆಯಬಾರದಲ್ಲ.
ಅವರು ತುಂಬ ಹೊತ್ತು ನಕ್ಕರು.
"ಹಾಗಾದರೆ ತೂತಿನದು ಐವತ್ತು ಕೊಡಿ."
ಕೊಟ್ಟೆ.

ಈಗ ಕಪ್ಪು ಹಂಡೆಯಲ್ಲಿ ಕೆಂಪು ಆಂಥೂರಿಯಂ,
ನಟ್ಟನಡುವೆ ಅಲ್ಲ, ಮೂಲೆಯಿಂದ ಎರಡು ಗೇಣು ಈಚೆ.
ಅದರ ಕಾಲಬುಡಕ್ಕೆ ಮೂರು, ನಾಲ್ಕಾದರೆ ಪೆರೇಡು:
ಪೇಂಟಿನ ಬಕೆಟ್ಟು, ಹಿಡಿ ಹೋದ ಕುಕ್ಕರು,
ಯಾವುದೋ ಎಸ್ಟೇಟಿನ ಒಂಟಿ ಗಂಬೂಟು,
ಅದರ ಬಾಯಲ್ಲಿ ಸುರುಳಿ ಬಿಚ್ಚುವ ಥೆರ್ಮೆ.
ಕೆಂಪಿನಿಂದ ಹಸಿರಿಗೆ, ಹಸಿರಿನಿಂದ ಪಾಚಿಗೋಡೆಗೆ,
ಗೋಡೆಯಾಚೆ ಚೋಂದಮ್ಮನ ಹೈಡ್ರೇಂಜಿಯದ ನೀಲಿಗೆ,
ಬಾಡಿಗೆಯಿಲ್ಲದೆ ನಾನು ಎರವಲು ತಂದ ದೂರಕ್ಕೆ.

ಆದರೆ ಹೇಳಿದಲ್ಲಿ ನಿಲ್ಲುವುದೇ ಕಣ್ಣು?
ಚೋಂದಮ್ಮ ಬಂದರೆ ಎಲೆ ಮಗುಚಿ ಚುಕ್ಕೆರೋಗ ಹುಡುಕುತ್ತಾರೆ.
ಉತ್ತಯ್ಯನವರು ಬಗ್ಗಿ, ಹಂಡೆಯಡಿಯ ಸಿಮೆಂಟಿನಲ್ಲಿ ಬಿರುಕು.
ಮೊಯ್ದು ಕಾಕ ಕುಕ್ಕರನ್ನೇ ನೋಡಿದರು:
"ಒಂದೂವರೆ ಕೇಜಿ ಬರಬಹುದು."
ಟ್ರಯಲಿಗೆ ಬಂದ ಹುಡುಗಿಯರು ಗಂಬೂಟು ನೋಡಿ ಕಿಸಕ್ಕೆಂದು
ಇನ್ನೊಂದು ಎಲ್ಲಿ, ಕೇಳುತ್ತಾರೆ.
ನನಗೂ ಗೊತ್ತಿಲ್ಲ.

ನಾಲ್ಕು ಗಂಟೆಗೆ ದಾರ ಪೋಣಿಸಲೆಂದು
ಕಿಟಕಿಯ ಬೆಳಕಿಗೆ ಸೂಜಿ ಎತ್ತುತ್ತೇನೆ.
ಸೂಜಿಯ ಕಣ್ಣಲ್ಲಿ ಒಂದು ಕೆಂಪು ಚುಕ್ಕೆ.
ದಾರ ತಪ್ಪುತ್ತದೆ. ಎಂಜಲು ಹಚ್ಚಿ ಮತ್ತೆ ಹಿಡಿದರೆ
ಮತ್ತೆ ತಪ್ಪುತ್ತದೆ.
ಇರಲಿ. ರವಿಕೆ ಶುಕ್ರವಾರಕ್ಕೆ.